ಕೆಲಸ, ಕಾಯಕ: ಪದಬಂಧದೊಳಗೊಂದು ಪಾಠ

ದಿನಪತ್ರಿಕೆಯ ಪದಬಂಧವನ್ನು ಬಿಡಿಸುವ ಅಭ್ಯಾಸವು ನಮ್ಮ ಅನೇಕ ಭಕ್ತರ ಮನೆಗಳಲ್ಲಿ ಉಂಟು. 1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಹುಟ್ಟಿದ ಈ ಆಟವು ಕನ್ನಡಕ್ಕೆ ಬಂದಾಗ ಒಂದೊಂದು ಮನೆಗೆ ಒಂದೊಂದು ಅಕ್ಷರವು ಗುಣಿತ, ಒತ್ತುಗಳ ಸಹಿತವಾಗಿ ಕುಳಿತಿತು. ಶಹಾಬಾದದ ಫರಸಿ ಹಾಸಿದ ನೆಲದ ಮೇಲೆ ನಡೆದಾಡುವ ನಮಗೆ ಈ ಚೌಕಗಳ ಮರ್ಮ ಹೊಸದಲ್ಲ. ಒಂದು ಕಲ್ಲು ಮೂಲೆಮಟ್ಟ ತಪ್ಪಿದರೆ ಪಕ್ಕದ ಕಲ್ಲು ಕೂಡದು.

ಒಂದು ಸುಳಿವನ್ನು ನೋಡೋಣ. ಎಡದಿಂದ ಬಲಕ್ಕೆ: ಮನುಷ್ಯನು ಮಾಡುವಂಥದು, ಮೂರಕ್ಷರ. ಕರ್ಮ, ಕ್ರಿಯೆ, ಕಾರ್ಯ, ಕೃತ್ಯ ಇವೆಲ್ಲ ಎರಡಕ್ಷರದವಾದುದರಿಂದ ಸಲ್ಲವು. 'ಕೆಲಸ' ಸಲ್ಲುವುದು, 'ಕಾಯಕ'ವೂ ಸಲ್ಲುವುದು. ನಡುಮನೆಗೆ ಮೇಲಿನಿಂದ ಇಳಿದುಬರುವ ಪದವೇ ಇದನ್ನು ನಿರ್ಣಯಿಸಬೇಕು. ಆ ಪದವು 'ಫಲ'ವಾದರೆ ನಡುವೆ ಲಕಾರ ನಿಂತು ಕೆಲಸವಾಗುವುದು. 'ದಯ'ವಾದರೆ ಯಕಾರ ನಿಂತು ಕಾಯಕವಾಗುವುದು. ಇದು ಅಕ್ಷರಗಳ ಆಕಸ್ಮಿಕವೇ ಸರಿ. ಆದರೆ ಶರಣರ ವಿಚಾರಕ್ಕೆ ಇಷ್ಟು ಸಮೀಪವಾದ ಆಕಸ್ಮಿಕವನ್ನು ಕೈಬಿಡಲು ಮನಸ್ಸು ಬಾರದು.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ನೆನೆಯಿರಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಅಕ್ಕಿ ಹೆಚ್ಚು ಬಂದಿತು. ಪತ್ನಿ ಲಕ್ಕಮ್ಮನವರು ಅದನ್ನು ಕಂಡು, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಆಯ್ದ ಕೈ ಅದೇ, ಬಾಗಿದ ಬೆನ್ನು ಅದೇ, ಅಕ್ಕಿಯೂ ಅದೇ. ಅಡ್ಡಹಾಯ್ದ ಪದ ಮಾತ್ರ ಬೇರೆಯಾಗಿತ್ತು. ಆ ತಾಯಿ ಅದನ್ನು ಮೊದಲೇ ಓದಿಕೊಂಡರು.

ಈ ಸೀಮೆಯಲ್ಲಿ ಕಲ್ಲನ್ನು ನಂಬಿ ಬದುಕುವ ಕುಟುಂಬಗಳು ಹಲವು. ಗಣಿಯಲ್ಲಿ ಹಾಸು ಎಬ್ಬಿಸುವವನ ಕೂಲಿಯನ್ನು ತಿಂಗಳುಗಟ್ಟಲೆ ತಡೆದು, ಜಾತ್ರೆಯಲ್ಲಿ ಮಠಕ್ಕೆ ಕಾಣಿಕೆ ಒಪ್ಪಿಸುವ ಧಣಿಯು ತನ್ನ ನಡುಮನೆಯಲ್ಲಿ ಯಾವ ಅಕ್ಷರ ನಿಂತಿದೆಯೆಂದು ನೋಡಿಕೊಳ್ಳಲಿ. ಆ ಕೂಲಿಕಾರನೋ 'ನನ್ನ ಕರ್ಮ' ಎಂದು ಸುಮ್ಮನಾಗುವನು. ಮಾಡುವುದಕ್ಕೆ ಹೆಸರಾಗಿದ್ದ ಕರ್ಮವೆಂಬ ಮಾತನ್ನು ನಾವು ಸಹಿಸುವುದಕ್ಕೆ ಹೆಸರಾಗಿ ಮಾಡಿಬಿಟ್ಟಿದ್ದೇವೆ! ಕಾಯಕವೆಂಬ ಮಾತಿಗೆ ಇನ್ನೂ ಈ ಗತಿ ಬಂದಿಲ್ಲ. ಅದರೊಳಗೆ ಕಾಯವು ಎದ್ದು ಕಾಣುತ್ತದೆ.

ಶರಣರ ಹೆಸರುಗಳಲ್ಲಿಯೂ ಮಾಟವೇ ಮುಂದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಗ್ಗ ಹೊಸೆದ ನುಲಿಯ ಚಂದಯ್ಯ. ಮಕ್ಕಳಿಗೆ ಇಂದು ಸಂಜೆ ಇದನ್ನು ಕೇಳಿರಿ. ಮೇಲಿನಿಂದ ಕೆಳಕ್ಕೆ: ಕಟ್ಟಿಗೆಯ ಹೊರೆ, ಮೂರಕ್ಷರ, ಕೊನೆಯದು 'ಗೆ'. ಅದನ್ನು ಹೊತ್ತು ಮಾರಿದ, ಹಿಂದೆ ಕಾಶ್ಮೀರದ ಅರಸನಾಗಿದ್ದನೆಂದು ಹೇಳಲಾಗುವ ಶರಣನಾರು?