ದತ್ತು ಮಗುವಿಗೆ ಒಮ್ಮೆ ಹೇಳಿದರೆ ಸಾಲದು

ದತ್ತು ಪಡೆದ ವಿಷಯವನ್ನು ಮಗುವಿಗೆ ಹೇಳಬೇಕೇ ಬೇಡವೇ ಎಂಬ ಚರ್ಚೆ ಹಳತಾಯಿತು. ಹೇಳಲೇಬೇಕು. ನೀವು ಹೇಳದಿದ್ದರೆ ಯಾವುದೋ ಮದುವೆಮನೆಯ ಊಟದ ಪಂಕ್ತಿಯಲ್ಲಿ ದೂರದ ಅತ್ತೆಯೊಬ್ಬರು ಹೇಳುತ್ತಾರೆ. ಈಗಿನ ಬಹುತೇಕ ಅಪ್ಪ ಅಮ್ಮಂದಿರಿಗೆ ಇದು ಗೊತ್ತು. ಅವರು ಎಡವುವುದು ಮುಂದೆ. ನಾಲ್ಕನೇ ವರ್ಷದಲ್ಲಿ ಹೇಳುತ್ತಾರೆ, ಮಗು ನಗುತ್ತಾ ಕೇಳಿಸಿಕೊಳ್ಳುತ್ತದೆ, ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾರೆ. ಅದೇ ಮಗು ಎಂಟೊಂಬತ್ತು ವರ್ಷಕ್ಕೆ ಕಾರಣವಿಲ್ಲದೆ ಸಿಡುಕತೊಡಗಿದಾಗ ಶಾಲೆಯನ್ನೋ ಮೊಬೈಲನ್ನೋ ದೂರುತ್ತಾರೆ.

ಮೊದಲು ಕಡತ

ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ (‘ಕಾರಾ’) ಮೂಲಕ ದತ್ತು ಪಡೆದವರ ಬಳಿ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ, ದತ್ತು ಆದೇಶ ಇರುತ್ತವೆ. ಇವನ್ನು ಜೋಪಾನ ಮಾಡಿ. ಸಂಸ್ಥೆಯ ಆಯಾ ಹೇಳಿದ್ದನ್ನೂ ಅಂದೇ ಬರೆದಿಡಿ: ಮಗುವನ್ನು ಅಲ್ಲಿ ಏನೆಂದು ಕರೆಯುತ್ತಿದ್ದರು, ಹೇಗೆ ಮಲಗಿಸಿದರೆ ನಿದ್ದೆ ಬರುತ್ತಿತ್ತು. ಅಲ್ಲಿಂದ ಬಂದ ದಿನದ ಅಂಗಿಯನ್ನು ಎಸೆಯಬೇಡಿ. ಹತ್ತು ವರ್ಷದ ಬಳಿಕ ಮಗು ಕೇಳುವುದು ಇಂಥವನ್ನೇ.

ಮೂರರಿಂದ ಐದು ವರ್ಷ

ಚಿಕ್ಕ ಕಥೆ ಸಾಕು. ‘ಎಲ್ಲರ ಹಾಗೆ ನೀನೂ ಒಬ್ಬ ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದೆ. ಅವರಿಗೆ ನಿನ್ನನ್ನು ಬೆಳೆಸಲು ಆಗಲಿಲ್ಲ. ನಮಗೆ ಮಗು ಬೇಕಿತ್ತು. ನಿನ್ನನ್ನು ಮನೆಗೆ ಕರೆತಂದೆವು.’ ‘ನೀನು ನನ್ನ ಹೃದಯದಲ್ಲಿ ಹುಟ್ಟಿದ್ದು’ ಎನ್ನುವುದು ದೊಡ್ಡವರ ಕಿವಿಗೆ ಚೆಂದ. ಈ ವಯಸ್ಸಿನವರು ಮಾತನ್ನು ಅಕ್ಷರಶಃ ತೆಗೆದುಕೊಳ್ಳುತ್ತಾರೆ. ತಾನು ಎಲ್ಲರಂತೆ ಹುಟ್ಟೇ ಇಲ್ಲವೇನೋ ಎಂದುಕೊಳ್ಳುತ್ತಾರೆ. ‘ಅಷ್ಟು ಮಕ್ಕಳಲ್ಲಿ ನಿನ್ನನ್ನೇ ಆರಿಸಿದೆವು’ ಎಂಬುದೂ ಬೇಡ. ಮೊದಲಿಗೆ ಅದು ಸುಳ್ಳು, ‘ಕಾರಾ’ ಪೋರ್ಟಲ್‌ನಲ್ಲಿ ಸರದಿ ಬಂದಾಗ ಮಗುವಿನ ವಿವರ ಬರುತ್ತದೆ. ಮೇಲಾಗಿ, ಆರಿಸಿ ತಂದವರು ಬೇಡವೆನಿಸಿದರೆ ಹಿಂದಿರುಗಿಸಲೂಬಹುದಲ್ಲ ಎಂದು ಮಗುವಿನ ಲೆಕ್ಕ ಓಡುತ್ತದೆ.

ಏಳರಿಂದ ಹನ್ನೊಂದು: ಎಲ್ಲರೂ ಬಿಟ್ಟುಬಿಡುವ ಹೆಜ್ಜೆ

ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಬ್ರಾಡ್ಜಿನ್‌ಸ್ಕಿ 1980ರ ದಶಕದಿಂದ ತೋರಿಸುತ್ತ ಬಂದ ಸಂಗತಿ ಇದು: ಐದು ವರ್ಷದ ಮಗು ‘ನನ್ನನ್ನು ದತ್ತು ತಗೊಂಡಿದ್ದಾರೆ’ ಎಂದು ಒಪ್ಪಿಸಬಲ್ಲದು, ಅರ್ಥ ಮಾತ್ರ ಅದಕ್ಕೆ ತಿಳಿದಿರುವುದಿಲ್ಲ. ಏಳೆಂಟರ ಸುಮಾರಿಗೆ ತರ್ಕ ಬಲಿತಾಗ ಕಥೆಯ ಇನ್ನೊಂದು ಮಗ್ಗುಲು ಕಾಣುತ್ತದೆ. ಇವರು ಸಿಗಬೇಕಾದರೆ ಮೊದಲು ಯಾರೋ ನನ್ನನ್ನು ಬಿಟ್ಟಿರಬೇಕು. ಯಾಕೆ ಬಿಟ್ಟರು? ನಾನೇನು ಮಾಡಿದೆ?

ನಮ್ಮ ಮನೆಗಳಲ್ಲಿ ದೇವಕಿ–ಯಶೋದೆಯರ ಕಥೆ ಹೇಳುವುದು ವಾಡಿಕೆ. ಒಳ್ಳೆಯದೇ. ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ, ಅಕ್ರೂರ ರಥ ತಂದು ಕೃಷ್ಣನನ್ನು ಕರೆದೊಯ್ಯುತ್ತಾನೆ. ‘ನನ್ನನ್ನೂ ಯಾರಾದರೂ ಕರೆದುಕೊಂಡು ಹೋಗ್ತಾರಾ?’ ಎಂಬ ಪ್ರಶ್ನೆ ಮಗುವಿನ ಗಂಟಲಲ್ಲೇ ಉಳಿಯುತ್ತದೆ. ಶಾಲೆಯಲ್ಲಿ ಕರ್ಣನ ಪಾಠ ಬಂತೆಂದರೆ ಇನ್ನೂ ಕಷ್ಟ: ಪೆಟ್ಟಿಗೆಯಲ್ಲಿ ತೇಲಿಬಿಟ್ಟ ಮಗು, ತುಂಬಿದ ಸಭೆಯಲ್ಲಿ ಹುಟ್ಟಿನ ಹೆಸರಿನಲ್ಲಿ ಅವಮಾನ. ಕೃಷ್ಣನ ಕಥೆ ಹೇಳಿದವರು ಕರ್ಣನದನ್ನೂ ಎದುರಿಸಬೇಕು.

ಮಗು ತಾನಾಗಿ ಕೇಳಲಿ ಎಂದು ಕಾಯಬೇಡಿ. ಅಮ್ಮನಿಗೆ ನೋವಾದೀತೆಂದು ಅದು ಕೇಳುವುದಿಲ್ಲ. ನೀವೇ ಮಾತು ತೆಗೆಯಿರಿ. ಎದುರು ಕೂರಿಸಿಕೊಂಡರೆ ವಿಚಾರಣೆಯಂತಾಗುತ್ತದೆ. ಸ್ಕೂಟರಿನಲ್ಲಿ ಹೋಗುವಾಗ, ಬಟಾಣಿ ಬಿಡಿಸುವಾಗ ಕೇಳಿ: ‘ನಿನ್ನ ಹೆತ್ತಮ್ಮನ ನೆನಪು ನನಗೆ ಕೆಲವೊಮ್ಮೆ ಬರುತ್ತೆ. ನಿನಗೆ?’ ಉತ್ತರ ಬರದಿದ್ದರೂ ಚಿಂತೆಯಿಲ್ಲ. ಹುಟ್ಟುಹಬ್ಬದ ಆಸುಪಾಸಿನಲ್ಲಿ ಮತ್ತೊಮ್ಮೆ ಕೇಳಿ.

‘ಯಾಕೆ ಬಿಟ್ಟರು?’ ಎಂದರೆ ಗೊತ್ತಿದ್ದಷ್ಟು ಹೇಳಿ, ಗೊತ್ತಿಲ್ಲದಿದ್ದರೆ ‘ನಮಗೂ ಗೊತ್ತಿಲ್ಲ’ ಎನ್ನಿ. ದೊಡ್ಡವರ ಕಷ್ಟ, ಮಗುವಿನ ತಪ್ಪೇನೂ ಇರಲಿಲ್ಲ ಎಂಬುದನ್ನಂತೂ ಸೇರಿಸಿ. ‘ನಿನ್ನ ಮೇಲಿನ ಪ್ರೀತಿಯಿಂದಲೇ ಬಿಟ್ಟರು’ ಎಂದರೆ, ಪ್ರೀತಿಸುವವರು ಬಿಟ್ಟುಹೋಗುತ್ತಾರೆ ಎಂದು ಮಗು ಕಲಿಯುತ್ತದೆ. ಅದನ್ನು ಪ್ರೀತಿಸುವವರು ಈಗ ನೀವು. ಅಪಘಾತದಲ್ಲಿ ತೀರಿಕೊಂಡರು ಎಂದು ಕಟ್ಟುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ, ಕಡತ ಒಂದು ದಿನ ಮಗುವಿನ ಕೈಗೆ ಬರುತ್ತದೆ. ಕರೆದೊಯ್ಯುವ ಭಯಕ್ಕೆ ದತ್ತು ಆದೇಶವನ್ನೇ ತೆಗೆದು ತೋರಿಸಿ. ಮಗುವನ್ನು ಒಪ್ಪಿಸಿದ ಹೆತ್ತವರಿಗೆ ಮರುಯೋಚನೆಗೆ ಎರಡು ತಿಂಗಳಿರುತ್ತದೆ. ಅದು ಎಂದೋ ಕಳೆದುಹೋಗಿದೆ, ಕಾನೂನಿನಲ್ಲಿ ನೀನು ನಮ್ಮ ಮಗು ಎಂದು ಬಿಡಿಸಿ ಹೇಳಿ.

ಸಿಟ್ಟಿನಲ್ಲಿ ‘ನೀನೇನು ನನ್ನ ಅಮ್ಮ ಅಲ್ಲ’ ಎಂದೀತು. ‘ಅಮ್ಮನೇ. ಮೊದಲು ಹೋಂವರ್ಕ್ ಮುಗಿಸು’ ಎಂದರೆ ಸಾಕು. ಅತ್ತು ರಂಪ ಮಾಡಿದರೆ ಮಗು ಆ ವಿಷಯವನ್ನು ಮತ್ತೆಂದೂ ಎತ್ತುವುದಿಲ್ಲ.

ನೆಂಟರು ಮತ್ತು ಶಾಲೆ

‘ಪುಣ್ಯ ಮಾಡಿತ್ತು ಮಗು, ನಿಮ್ಮಂಥವರ ಮನೆ ಸೇರಿತು’ ಎನ್ನುವ ಹಿರಿಯರನ್ನು ಮಗುವಿನ ಎದುರೇ ತಡೆಯಿರಿ. ಋಣದ ಭಾರ ಹೊತ್ತ ಮಗು ಹಟ ಮಾಡಲೂ ಹೆದರುತ್ತದೆ, ಮಕ್ಕಳಿಗೆ ಹಟದ ಹಕ್ಕು ಇರಬೇಕು. ವಂಶವೃಕ್ಷ ಬರೆಸುವ, ಎಳೆಗೂಸಿನ ಫೋಟೊ ತರಿಸುವ ಪ್ರಾಜೆಕ್ಟ್‌ಗಳ ಬಗ್ಗೆ ಟೀಚರಿಗೆ ಮೊದಲೇ ತಿಳಿಸಬಹುದು. ಮಗುವನ್ನು ಕೇಳಿದ ಮೇಲೆ.

ಇನ್ನುಳಿದದ್ದು, ಚುಟುಕಾಗಿ

ಹದಿಹರೆಯದಲ್ಲಿ ‘ನಾನು ಯಾರ ಹಾಗಿದ್ದೇನೆ’ ಎಂಬ ಹುಡುಕಾಟ ಸಹಜ, ಅದನ್ನು ನಿಮ್ಮ ಸೋಲೆಂದು ಎಣಿಸಬೇಡಿ. ಮೂಲ ಹುಡುಕಲು 18 ತುಂಬಿದವರು ತಾವೇ ‘ಕಾರಾ’ಕ್ಕೆ ಅರ್ಜಿ ಹಾಕಬಹುದು, ಚಿಕ್ಕವರು ಪೋಷಕರ ಜೊತೆಗೂಡಿ. ಐದು ದಾಟಿದ ಮಗುವನ್ನು ದತ್ತು ಪಡೆದವರಿಗೆ ಮೊದಲ ವರ್ಷ ಕಷ್ಟವೇ. ಅಮ್ಮ ಎಂದು ಕರೆಯುವಂತೆ ಬಲವಂತ ಬೇಡ. ದತ್ತುವಿನ ನಂತರ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಬರುತ್ತಾರೆ. ಕಾಫಿ ಕೊಟ್ಟು ಕಳಿಸದೆ ಕಷ್ಟ ಹೇಳಿಕೊಳ್ಳಿ. ನಿದ್ದೆ, ಊಟ, ಓದು ಎಲ್ಲವೂ ಕೆಟ್ಟಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ.

ನಿಮ್ಮ ಮಗುವಿಗೆ ಎಂಟು ತುಂಬಿ, ಕಳೆದ ಒಂದು ವರ್ಷದಲ್ಲಿ ಈ ಮಾತು ಮನೆಯಲ್ಲಿ ಬಂದೇ ಇಲ್ಲವಾದರೆ, ಈ ವಾರ ನೀವೇ ಶುರು ಮಾಡಿ.