ಜೀವಕೋಶದ ದಿನಚರಿ

ಈರುಳ್ಳಿಯ ಗೆಡ್ಡೆಯೊಂದನ್ನು ನೀರು ತುಂಬಿದ ಸೀಸೆಯ ಬಾಯಿಯ ಮೇಲಿರಿಸಿದರೆ ಕೆಲವೇ ದಿನಗಳಲ್ಲಿ ಬೆಳ್ಳನೆಯ ಬೇರುಗಳು ಇಳಿಯುತ್ತವೆ. ಬೇರಿನ ತುದಿಯನ್ನು ಕತ್ತರಿಸಿ, ಆಮ್ಲದಲ್ಲಿ ಮೆದುಮಾಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿರಿ. ಹೆಚ್ಚಿನ ಜೀವಕೋಶಗಳಲ್ಲಿ ಕೋಶಕೇಂದ್ರವು ದುಂಡಗೆ, ನಿಶ್ಚಲವಾಗಿ ತೋರುತ್ತದೆ. ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಮಾತ್ರ ದಾರದ ತುಣುಕುಗಳಂತಹ ವರ್ಣತಂತುಗಳು ಕಾಣುತ್ತವೆ. ಅವು ವಿಭಜನೆಯಲ್ಲಿ ತೊಡಗಿರುವ ಕೋಶಗಳು.

ಈ ವಿಭಜನೆಗೆ 'ಮೈಟಾಸಿಸ್' ಎಂಬ ಹೆಸರನ್ನು ಕೊಟ್ಟವರು ಜರ್ಮನಿಯ ವಾಲ್ಟರ್ ಫ್ಲೆಮಿಂಗ್. ಅದರ ಹಂತಗಳನ್ನು ಅವರು 1882ರ ತಮ್ಮ ಗ್ರಂಥದಲ್ಲಿ ಚಿತ್ರಸಹಿತ ವಿವರಿಸಿದರು. ಪ್ರೋಫೇಸ್ ಹಂತದಲ್ಲಿ ವರ್ಣತಂತುಗಳು ಕುಗ್ಗಿ ದಪ್ಪನಾಗುತ್ತವೆ. ಮೆಟಾಫೇಸಿನಲ್ಲಿ ಕೋಶದ ನಡುವೆ ಸಾಲುಗೂಡುತ್ತವೆ. ಅನಾಫೇಸಿನಲ್ಲಿ ಸೀಳಿ ಎರಡು ಧ್ರುವಗಳತ್ತ ಸರಿಯುತ್ತವೆ. ಟೀಲೋಫೇಸಿನಲ್ಲಿ ಎರಡು ಹೊಸ ಕೋಶಕೇಂದ್ರಗಳು ರೂಪುಗೊಳ್ಳುತ್ತವೆ. ಎರಡು ವಿಭಜನೆಗಳ ನಡುವಣ ದೀರ್ಘಕಾಲವನ್ನು, ಅಂದರೆ ಇಂಟರ್‌ಫೇಸನ್ನು, ಬಹುಕಾಲದವರೆಗೆ 'ವಿಶ್ರಾಂತಿಯ ಅವಸ್ಥೆ' ಎಂದೇ ಕರೆಯುತ್ತಿದ್ದರು. ಕಣ್ಣಿಗೆ ಏನೂ ಕಾಣದಿದ್ದುದೇ ಇದಕ್ಕೆ ಕಾರಣ.

ಆ ಹೆಸರು ತಪ್ಪೆಂಬುದನ್ನು ಲಂಡನ್ನಿನಲ್ಲಿ ಆಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ ಸ್ಪಷ್ಟಪಡಿಸಿದರು. ಅವರು ಅವರೆಯನ್ನು ಹೋಲುವ ಒಂದು ದ್ವಿದಳ ಸಸ್ಯದ ಬೇರುಗಳಿಗೆ ವಿಕಿರಣಶೀಲ ರಂಜಕವನ್ನು ಉಣಿಸಿ, ಬೇರಿನ ತುದಿಗಳ ಮೇಲೆ ಛಾಯಾಚಿತ್ರದ ಫಿಲ್ಮನ್ನು ಹೊದಿಸಿದರು. ಹೊಸ ಡಿ.ಎನ್.ಎ. ತಯಾರಾದ ಕೋಶಗಳ ಮೇಲೆ ಫಿಲ್ಮು ಕಪ್ಪಾಯಿತು. ಡಿ.ಎನ್.ಎ. ಇಮ್ಮಡಿಯಾಗುವುದು ಇಂಟರ್‌ಫೇಸಿನ ಒಂದು ಭಾಗದಲ್ಲಿ ಮಾತ್ರ ಎಂದು ಇದರಿಂದ ತಿಳಿಯಿತು. 1953ರಲ್ಲಿ ಅವರು ಈ ಭಾಗವನ್ನು 'ಎಸ್' ಎಂದೂ, ಅದರ ಹಿಂದುಮುಂದಿನ ತೆರಪುಗಳನ್ನು 'ಜಿ-1', 'ಜಿ-2' ಎಂದೂ ಕರೆದರು.

ಪ್ರಯೋಗಾಲಯದಲ್ಲಿ ಬೆಳೆಸಿದ, 24 ಗಂಟೆಗೊಮ್ಮೆ ವಿಭಜಿಸುವ ಮಾನವಕೋಶದಲ್ಲಿ ಜಿ-1ಕ್ಕೆ ಸುಮಾರು 11 ಗಂಟೆ, ಎಸ್‌ಗೆ 8, ಜಿ-2ಕ್ಕೆ 4 ಗಂಟೆ ಹಿಡಿಯುತ್ತವೆ. ಫ್ಲೆಮಿಂಗ್ ಕಂಡ ನಾಲ್ಕು ಹಂತಗಳೂ ಉಳಿದ ಒಂದು ಗಂಟೆಯಲ್ಲಿ ಮುಗಿಯುತ್ತವೆ!

ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಸ್ಥಳವೊಂದಿದೆ. ಈರುಳ್ಳಿಯ ಕೋಶದಲ್ಲಿ 16 ವರ್ಣತಂತುಗಳಿವೆ. ಎಸ್ ಹಂತ ಮುಗಿದ ಮೇಲೆ ಅವು 32 ಆಗುವುದಿಲ್ಲ. 16 ಆಗಿಯೇ ಉಳಿಯುತ್ತವೆ. ಆದರೆ ಪ್ರತಿಯೊಂದರಲ್ಲಿಯೂ ಒಂದಕ್ಕೊಂದು ಅಂಟಿಕೊಂಡ ಎರಡು ಸಮಾನ ಎಳೆಗಳಿರುತ್ತವೆ. ಅನಾಫೇಸಿನಲ್ಲಿ ಬೇರ್ಪಡುವುದು ಈ ಎಳೆಗಳೇ. ಆದುದರಿಂದ ಜಿ-1 ಮತ್ತು ಜಿ-2ರ ಕೋಶಗಳು ನೋಟಕ್ಕೆ ಒಂದೇ ಬಗೆಯಾಗಿದ್ದರೂ ಎರಡನೆಯದರಲ್ಲಿ ಡಿ.ಎನ್.ಎ. ಎರಡರಷ್ಟಿರುತ್ತದೆ.

ಮುಂದುವರಿಯಬೇಕೆ, ನಿಲ್ಲಬೇಕೆ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಜಿ-1ರಲ್ಲಿ. ನಮ್ಮ ನರಕೋಶಗಳು ಚಕ್ರದಿಂದ ಹೊರಬಂದು ವಿಭಜನೆಯನ್ನೇ ನಿಲ್ಲಿಸಿರುತ್ತವೆ. ಡಿ.ಎನ್.ಎ. ಘಾಸಿಗೊಂಡಿದ್ದರೆ ಪಿ-53 ಎಂಬ ಪ್ರೋಟೀನು ಕೋಶವನ್ನು ಎಸ್ ಹಂತದ ಹೊಸ್ತಿಲಲ್ಲಿಯೇ ತಡೆಯುತ್ತದೆ. ಮಾನವನ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಕಾವಲುಗಾರನ ಜೀನೇ ಕೆಟ್ಟಿರುತ್ತದೆ. ಆಗ ಕೋಶವು ದುರಸ್ತಿಗೆ ಕಾಯದೆ, ಘಾಸಿಗೊಂಡ ಡಿ.ಎನ್.ಎ.ಯನ್ನೇ ಇಮ್ಮಡಿಗೊಳಿಸಿಕೊಂಡು ವಿಭಜನೆಗೆ ಸಾಗುತ್ತದೆ.