ತೆಳುವೋ, ಬಲವೋ?

ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಒಂದು ಮಾತು ನೆನಪಿರಲಿ: ವೇಗ ಹೆಚ್ಚಿದಷ್ಟೂ ಬಿಸಿ ಹೆಚ್ಚು, ಆ ಬಿಸಿ ಹೊರಹೋಗಲು ಜಾಗ ಬೇಕು. 2020ರಲ್ಲಿ ಆಪಲ್ ಎಂ1 ಚಿಪ್ಪನ್ನು ಎರಡು ಲ್ಯಾಪ್‌ಟಾಪ್‌ಗಳಿಗೆ ಹಾಕಿತು. 1.29 ಕಿಲೋ ತೂಕದ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನ್ ಇಲ್ಲ, 1.4 ಕಿಲೋದ ಮ್ಯಾಕ್‌ಬುಕ್ ಪ್ರೊದಲ್ಲಿ ಇದೆ. ಸಣ್ಣಪುಟ್ಟ ಕೆಲಸಕ್ಕೆ ಎರಡೂ ಸರಿಸಮ. ಗಂಟೆಗಟ್ಟಲೆ ವಿಡಿಯೊ ಎಡಿಟಿಂಗ್‌ಗೆ ಕೂತರೆ ಮಾತ್ರ ಏರ್ ಕಾದು, ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ.

ಹಾಗಾಗಿ ಚಿಪ್ಪಿನ ಹೆಸರೊಂದನ್ನೇ ನಂಬಬೇಡಿ. ಬರವಣಿಗೆ, ಆನ್‌ಲೈನ್ ತರಗತಿ, ದಿನವೂ ಬಸ್ಸಿನ ಓಡಾಟ ಇದ್ದರೆ ಹಗುರವಾದದ್ದೇ ಒಳ್ಳೆಯದು. ಗೇಮ್, ತ್ರೀಡಿ ಕೆಲಸಕ್ಕಾದರೆ ತುಸು ದಪ್ಪನೆಯದನ್ನೇ ಆರಿಸಿ. ಗ್ರಾಫಿಕ್ಸ್ ಚಿಪ್ಪಿಗೆ ಎಷ್ಟು ವ್ಯಾಟ್ ಸಿಗುತ್ತದೆಂದು ಕೇಳಿ, ಚಾರ್ಜರಿನ ತೂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಯಾವುದನ್ನೇ ಕೊಂಡರೂ ಹಾಸಿಗೆಯ ಮೇಲಿಟ್ಟು ಗಾಳಿಕಿಂಡಿ ಮುಚ್ಚಬೇಡಿ.